ಎಂಜಿನ್ ಏಳುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಹಿಂದೆ ರೈಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳುತ್ತಿತ್ತು. ಅಮ್ಮ ಬೈಯುತ್ತಲೇ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಊದಿ ಬಿಸಿ ಮಾಡಿ, ಕಣ್ಣಿಗೆ ಒತ್ತುತ್ತಿದ್ದಳು. ಅರಸೀಕೆರೆಯಿಂದ ಬೆಂಗಳೂರು ಸೇರುವಷ್ಟರಲ್ಲಿ ನನ್ನ ಬಿಳಿ ಅಂಗಿ ಬೂದಿ ಬಣ್ಣ. ಆ ಹೊಗೆಯ ವಾಸನೆ ಇನ್ನೊಮ್ಮೆ ಸಿಗಲಿ ಅಂತ ನಾನು ಹರಿಯಾಣದ ರೇವಾರಿಗೆ ಹೋಗಿದ್ದೆ.

ರೇವಾರಿ ದೆಹಲಿಯಿಂದ ಸುಮಾರು 80 ಕಿಲೋಮೀಟರ್. ನಮ್ಮ ದೇಶದ ಮೊದಲ ಮೀಟರ್ ಗೇಜ್ ರೈಲು, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ ಇರುವ ರೈಲು, 1873ರಲ್ಲಿ ದೆಹಲಿಯಿಂದ ಹೊರಟಿದ್ದು ಈ ಊರಿನ ಕಡೆಗೇ. 1893ರಲ್ಲಿ ಇಲ್ಲೊಂದು ಲೋಕೋ ಶೆಡ್, ಅಂದರೆ ಎಂಜಿನ್‌ಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಶೆಡ್, ಕಟ್ಟಿದರು. ಬೇರೆ ಉಗಿ ಶೆಡ್‌ಗಳಲ್ಲಿ ಹೆಚ್ಚಿನವು ಡೀಸೆಲ್‌ಗೆ, ಕರೆಂಟಿಗೆ ಜಾಗ ಬಿಟ್ಟುಕೊಟ್ಟವು. ಇದು ಉಳಿಯಿತು. ಈಗ ಮ್ಯೂಸಿಯಂ ಅಂತ ಕರೆಯುತ್ತಾರೆ.

ಮೈಸೂರಿನ ರೈಲು ಮ್ಯೂಸಿಯಂ ನಿಮಗೆಲ್ಲ ಗೊತ್ತು, 1979ರಲ್ಲಿ ಶುರುವಾದದ್ದು. ಮಕ್ಕಳು ಎಂಜಿನ್ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅಲ್ಲಿನ ಉಗಿ ಎಂಜಿನ್‌ಗಳು ತಣ್ಣಗೆ ನಿಂತಿವೆ, ಕೈ ಇಟ್ಟರೆ ಬರೀ ಕಬ್ಬಿಣ. ರೇವಾರಿಯಲ್ಲಿ ಈಗಲೂ ಬೆಂಕಿ ಹಾಕುತ್ತಾರೆ.

ಅಷ್ಟು ದೂರ ಹೋದ ನನಗೆ ಮೊದಲ ದಿನ ಕಂಡದ್ದು ಹೊಗೆಯಿಲ್ಲದ ಶೆಡ್! ಕೇಳಿಕೊಂಡು ಹೋಗದಿದ್ದದ್ದು ನನ್ನದೇ ತಪ್ಪು. ದಿನಾ ಉರಿಸುವುದಿಲ್ಲ, ನೀವು ಹೋಗುವುದಾದರೆ ಮೊದಲೇ ವಿಚಾರಿಸಿ. ನನ್ನ ಸಪ್ಪೆ ಮುಖ ನೋಡಿ ವಯಸ್ಸಾದ ಮಿಸ್ತ್ರಿಯೊಬ್ಬರು ನಕ್ಕರು. "ಸಂಜೆ ಬೆಂಕಿ ಹಾಕುತ್ತೇವೆ ಸಾಹೇಬರೇ, ನಾಳೆ ಬೆಳಿಗ್ಗೆ ಬನ್ನಿ" ಅಂದರು.

ಒಂದು ರಾತ್ರಿಯೇ ಬೇಕಾ? ಬೇಕಂತೆ. ಬಾಯ್ಲರನ್ನು ಅವಸರದಲ್ಲಿ ಕಾಯಿಸಿದರೆ ಲೋಹ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಹಿಗ್ಗುವುದಿಲ್ಲ. ಆಗ ಕೊಳವೆಗಳ ಬುಡದಲ್ಲಿ ನೀರು ಜಿನುಗುತ್ತದೆ. ಹಾಗಾಗಿ ಮೊದಲು ಎಣ್ಣೆ ಬಟ್ಟೆ, ಆಮೇಲೆ ಸೌದೆ, ಆಮೇಲೆ ಒಂದೊಂದೇ ಸಲಿಕೆ ಕಲ್ಲಿದ್ದಲು. ನಮ್ಮ ಬಚ್ಚಲೊಲೆಯ ಹಂಡೆಗೂ ಇಷ್ಟು ಉಪಚಾರ ಇಲ್ಲ ಬಿಡಿ.

ಆ ಸಂಜೆ ಅವರು ಏಳಿಸಲು ಹೊರಟಿದ್ದು ಅಕ್ಬರ್ ಎಂಬ ಎಂಜಿನ್ನನ್ನು. ಡಬ್ಲ್ಯೂಪಿ ಎಂಬ ಮಾದರಿಯದು, ನಂಬರ್ 7161. ಬಂಗಾಳದ ಚಿತ್ತರಂಜನ್ ರೈಲು ಎಂಜಿನ್ ಕಾರ್ಖಾನೆಯಲ್ಲಿ 1965ರಲ್ಲಿ ಆದದ್ದು. ಮುಂದೆ ಬಂದೂಕಿನ ಗುಂಡಿನಂಥ ಮೂತಿ, ಅದರ ಮೇಲೆ ನಕ್ಷತ್ರ. ದೊಡ್ಡ ಚಕ್ರದ ಎತ್ತರ 5 ಅಡಿ 7 ಇಂಚು. ಪಕ್ಕದಲ್ಲಿ ನಿಂತರೆ ಅದೇ ನನಗಿಂತ ಎರಡಿಂಚು ಜಾಸ್ತಿ.

ಮಿಸ್ತ್ರಿ ನನ್ನನ್ನು ಡ್ರೈವರ್ ನಿಲ್ಲುವ ಫುಟ್‌ಪ್ಲೇಟ್ ಹತ್ತಿಸಿ ಒಂದು ಗಾಜಿನ ಕೊಳವೆ ತೋರಿಸಿದರು. ಒಳಗೆ ನೀರು ಎಷ್ಟಿದೆ ಅಂತ ಅದರಲ್ಲಿ ಕಾಣುತ್ತದೆ. "ಬೆಂಕಿ ಆಮೇಲೆ, ಮೊದಲು ಇದನ್ನು ನೋಡಬೇಕು" ಅಂದರು. ಬೆಂಕಿಗೂಡಿನ ಮಾಡಿನ ಮೇಲೆ ಸದಾ ನೀರು ನಿಂತಿರಬೇಕು. ಆ ಮಾಡಿಗೆ ಸೀಸ ತುಂಬಿದ ಬಿರಡೆ ಇಟ್ಟಿರುತ್ತಾರೆ. ನೀರು ಇಳಿದರೆ ಸೀಸ ಕರಗಿ, ಮೇಲಿನ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಅದೇ ಎಚ್ಚರಿಕೆ. ಬಿರಡೆ ಕರಗಿಸಿದ ಫೈರ್‌ಮನ್ ಶೆಡ್‌ನಲ್ಲಿ ತಲೆ ಎತ್ತಿ ಓಡಾಡುವಂತಿರಲಿಲ್ಲವಂತೆ. ಬಿಡಿಭಾಗಗಳ ಮಾತು ಎತ್ತಿದೆ. "ಅಂಗಡಿಯಲ್ಲಿ ಎಲ್ಲಿ ಸಿಗುತ್ತೆ? ಲೇತ್‌ನಲ್ಲಿ ನಾವೇ ಕಡೆದುಕೊಳ್ಳಬೇಕು" ಅಂದರು.

ಶೆಡ್‌ನಲ್ಲಿ ಫೇರಿ ಕ್ವೀನ್ ಎಂಬ ಎಂಜಿನ್ ಕೂಡ ಇದೆ. ಅಕ್ಬರ್ ಮುಂದೆ ಅದು ಆಟಿಕೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1855ರಲ್ಲಿ ಹುಟ್ಟಿ, ಹಡಗಿನಲ್ಲಿ ಕಲ್ಕತ್ತೆಗೆ ಬಂತು. 1909ರಲ್ಲಿ ಕೆಲಸದಿಂದ ಬಿಡಿಸಿದರು. ಆಮೇಲೆ 88 ವರ್ಷ ಸುಮ್ನೆ ನಿಂತಿತ್ತು. 1997ರಲ್ಲಿ ರಿಪೇರಿ ಮಾಡಿ ಮತ್ತೆ ಓಡಿಸಿದರು. ಮರುವರ್ಷ ಗಿನ್ನಿಸ್ ದಾಖಲೆಯೂ ಆಯಿತು. ಶೇರ್-ಎ-ಪಂಜಾಬ್ ಎಂಬ ಎಂಜಿನ್ನೂ ಇಲ್ಲಿದೆ. ಬ್ರಾಡ್ ಗೇಜ್‌ನಲ್ಲಿ, ಅಂದರೆ ಅಗಲ ಹಳಿಯಲ್ಲಿ, ಮಾಮೂಲಿ ಉಗಿ ರೈಲುಗಳ ಕಾಲ ಮುಗಿದ ದಿನ, ಅಂದರೆ 1995ರ ಡಿಸೆಂಬರ್ 6ರಂದು, ಜಲಂಧರ್‌ನಿಂದ ಫಿರೋಜ್‌ಪುರಕ್ಕೆ ಕೊನೆಯ ಗಾಡಿ ಎಳೆದದ್ದು ಇದೇ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಹೋದೆ. ಗೇಟಿನಲ್ಲೇ ವಾಸನೆ ಬಂತು. ಕಲ್ಲಿದ್ದಲು, ಬಿಸಿ ಎಣ್ಣೆ, ಒದ್ದೆ ಬೂದಿ. ಅಕ್ಬರ್ ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು. ಎಲ್ಲೋ ತೊಟ್ಟಿಕ್ಕುವ ಸದ್ದು, ಎಲ್ಲೋ ಬುಸ್ ಅನ್ನುವ ಸದ್ದು. ಪೂರ್ತಿ ಕಾದರೆ ಚದರ ಇಂಚಿಗೆ 210 ಪೌಂಡ್ ಒತ್ತಡ. ಒಬ್ಬ ಹುಡುಗ ಉದ್ದ ಮೂತಿಯ ಕ್ಯಾನ್ ಹಿಡಿದು, ಚಕ್ರ ತಿರುಗಿಸುವ ರಾಡಿನ ಕೀಲು ಕೀಲಿಗೂ ಎಣ್ಣೆ ಬಿಡುತ್ತಿದ್ದ. ಮಿಸ್ತ್ರಿ ಹೇಳಿದ ಜಾಗಕ್ಕೆಲ್ಲ ಬಿಟ್ಟ, ಹೇಳದ ಎರಡು ಜಾಗಕ್ಕೂ ಬಿಟ್ಟ. ಮಿಸ್ತ್ರಿ ನೋಡಿಯೂ ನೋಡದ ಹಾಗಿದ್ದರು.

ಅವತ್ತು ಎಂಜಿನ್ ಓಡಿದ್ದು ಯಾರ್ಡ್‌ನಲ್ಲೇ, ಅತ್ತ ಇನ್ನೂರು ಮೀಟರ್, ಇತ್ತ ಇನ್ನೂರು ಮೀಟರ್. ಹೊರಡುವ ಮುಂಚೆ ಡ್ರೈವರ್ ಸೀಟಿ ಊದಿದ. ನನ್ನ ಎದೆ ಧಸಕ್ಕೆಂದಿತು. ಎಂಜಿನ್ ಅಡಿಗೆ ಇಳಿದು ಕೆಲಸ ಮಾಡುವ ಗುಂಡಿಯ ಪಕ್ಕ ಮಲಗಿದ್ದ ಶೆಡ್‌ನ ನಾಯಿ ಮಾತ್ರ ಕಿವಿ ಕೂಡ ಅಲ್ಲಾಡಿಸಲಿಲ್ಲ.

ನಮಸ್ಕಾರ.