ಆಯಿ ಹೋಗದ ಶ್ರೀಶೈಲ

ನಮಸ್ಕಾರ ಎಲ್ಲರಿಗೂ. ಯುಗಾದಿ ಹತ್ತಿರ ಬಂತು ಅಂದರೆ ನಮ್ಮ ಹುನಗುಂದದ ಕಡೆಯ ರಸ್ತೆಗಳು ಹೀಗೇ ಇರುತ್ತವೆ, ನೋಡಿ. ಹೆಗಲ ಮೇಲೆ ಕಂಬಿ, ಅಂದರೆ ದೇವರ ಹೆಸರಿನ ಕಾವಡಿ, ಬೆನ್ನಿಗೆ ಬುತ್ತಿಗಂಟು, ಕೆಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಶ್ರೀಶೈಲದ ಮಲ್ಲಯ್ಯನ ಹತ್ತಿರ ನಡೆದುಕೊಂಡೇ ಹೊರಟವರು. ನಮ್ಮೂರಿನಿಂದಲೇ 300 ಕಿಲೋಮೀಟರ್‌ಗೂ ಜಾಸ್ತಿ. ಅಗೋ, ಅಲ್ಲೊಬ್ಬ ಮರಗಾಲು ಕಟ್ಟಿಕೊಂಡು ಹೊರಟಿದ್ದಾನೆ! ನಮ್ಮ ಕಡೆಯವರಿಗೆ ಭ್ರಮರಾಂಬೆ ಅಂದರೆ ಮನೆಮಗಳು. ಮಗಳಿಗೆ ಸೀರೆ, ಕುಬ್ಬಸ ಒಯ್ಯುತ್ತಾರೆ. ಮಲ್ಲಯ್ಯ ಅಳಿಯ. ಹಾಗಾಗಿ ಸಲಿಗೆ ಸ್ವಲ್ಪ ಜಾಸ್ತಿನೇ.

ಈ ದಾರಿ ನೋಡಿದಾಗ ನನಗೆ ನೆನಪಾಗುವುದು ನಮ್ಮ ಆಯಿ, ಅಪ್ಪನ ತಾಯಿ. ಹೋದ ವರ್ಷ ಲಿಂಗೈಕ್ಯಳಾದಳು.

ಆಯಿ ನಸುಕಿನಲ್ಲೇ ಜಳಕ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದಳು. ಕೊರಳಿನ ಲಿಂಗದ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತರೆ ಕಣ್ಣು ಪಿಳುಕಿಸುತ್ತಿರಲಿಲ್ಲ. ಪೂಜೆ ಆಗುವವರೆಗೆ ಬಾಯಿಗೆ ನೀರೂ ಇಲ್ಲ. ಆದರೆ ತೊಟ್ಟಿಲಲ್ಲಿ ಯಾವುದಾದರೂ ಕೂಸು ಅತ್ತರೆ ಬೇಗ ಮುಗಿಸಿ ಎದ್ದುಬಿಡುತ್ತಿದ್ದಳು. “ಮಲ್ಲಯ್ಯಗ ಅವಸರ ಇಲ್ಲ, ಕೂಸಿಗೆ ಐತಿ” ಅನ್ನುತ್ತಿದ್ದಳು. ಮನೆಯ ಹೆಣ್ಣುಮಕ್ಕಳ ಬಾಣಂತನವೆಲ್ಲ ಅವಳದೇ. ಎರೆಯುವುದು, ಕಾಸುವುದು, ಅಂಟಿನುಂಡಿ ಕಟ್ಟುವುದು, ಎಲ್ಲ.

ಯುಗಾದಿಯ ಮುಂದೆ ನಮ್ಮ ಮನೆ ಕಟ್ಟೆ ಪಾದಯಾತ್ರಿಗಳದು. ರೊಟ್ಟಿ, ಶೇಂಗಾ ಹಿಂಡಿ, ಹುಗ್ಗಿಯ ದಾಸೋಹ ಊರಲ್ಲಿ ಎಲ್ಲರೂ ಮಾಡುತ್ತಾರೆ. ಆಯಿ ಮಾತ್ರ ಕಾಲು ಹಿಡಿಯಲು ಕೂರುತ್ತಿದ್ದಳು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇಡಿಸಿ, ಒರೆಸಿ, ಔಡಲ ಎಣ್ಣೆ ತಿಕ್ಕುತ್ತಿದ್ದಳು. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದ್ದರೆ, ಅದನ್ನು ಒಡೆಯುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ, ಗುಳ್ಳೆಯ ಈ ಕಡೆ ಚುಚ್ಚಿ ಆ ಕಡೆ ತೆಗೆದು, ದಾರವನ್ನು ಅಲ್ಲೇ ಬಿಟ್ಟು ಕತ್ತರಿಸುತ್ತಿದ್ದಳು. ದಾರದ ಗುಂಟ ನೀರು ತಾನಾಗೇ ಇಳಿಯುತ್ತಿತ್ತು. ಕೊನೆಗೆ ಆ ಪಾದಕ್ಕೆ ಹಣೆ ಹಚ್ಚುವುದು. ಮೀಸೆ ಚಿಗುರದ ಹುಡುಗರು “ಬ್ಯಾಡ್ರಿ ಅಮ್ಮಾರ” ಅಂತ ಕಾಲು ಎಳೆದುಕೊಂಡರೂ ಬಿಡುತ್ತಿರಲಿಲ್ಲ.

ಅಜ್ಜನಿಗೆ ಲಕ್ವಾ ಹೊಡೆದಾಗ ನಾನು ಚಿಕ್ಕವ. ಎಡಗೈ, ಎಡಗಾಲು ಎರಡೂ ಹೋದವು. ಬಾಯಿ ಮಾತ್ರ ಜೋರಾಗೇ ಇತ್ತು. ಬೈಗುಳವೆಲ್ಲ ಆಯಿಗೆ. ಅವಳು ರಾತ್ರಿ ಎದ್ದೆದ್ದು ಮಗ್ಗಲು ಬದಲಿಸುತ್ತಿದ್ದಳು. ಅಷ್ಟು ವರ್ಷ ಮಲಗಿದರೂ ಅಜ್ಜನ ಬೆನ್ನಿಗೆ ಒಂದು ಹುಣ್ಣು ಆಗಲಿಲ್ಲ. ಬೆಳಿಗ್ಗೆ ಅಜ್ಜನ ಪೂಜೆ ಅಂದರೆ ಇನ್ನೊಂದು ಕೆಲಸ. ಲಿಂಗ ಹಿಡಿಯುವುದು ಎಡಗೈಯಲ್ಲಿ, ಅದೇ ಕೈಗೆ ಶಕ್ತಿ ಇಲ್ಲ. ಆಯಿ ತನ್ನ ಅಂಗೈಯನ್ನು ಅಜ್ಜನ ಅಂಗೈ ಕೆಳಗೆ ಕೊಟ್ಟು ಎತ್ತಿ ಹಿಡಿಯುತ್ತಿದ್ದಳು. “ಅಲ್ಲಾಡಸಬ್ಯಾಡ, ಬೀಳ್ತೈತಿ” ಅಂತ ಅಜ್ಜನ ಗದರಿಕೆ. ಅವನ ಪೂಜೆ ಮುಗಿಯುವವರೆಗೆ ಅವಳ ಕೈ ಅಲ್ಲೇ.

“ಆಯಿಗೆ ಶ್ರೀಶೈಲ ಬಾಗಿಲಿಗೇ ಬಂದಿತ್ತು” ಅಂತ ಊರವರು ಹೇಳುತ್ತಾರೆ. ಕೇಳೋಕೆ ಚೆಂದ. ನನಗೆ ಮಾತ್ರ ಈ ಮಾತು ಒಪ್ಪಿಗೆಯಿಲ್ಲ. ಯಾಕೆಂದರೆ ಆಯಿ ಒಮ್ಮೆಯೂ ಶ್ರೀಶೈಲಕ್ಕೆ ಹೋಗಲಿಲ್ಲ. ಅಪ್ಪ ಹೋದ, ಕಾಕಾ ಹೋದ. ಅವರು ಹೋಗಿ ಬರುವವರೆಗೆ ಅಜ್ಜನ ಹತ್ತಿರ ಒಬ್ಬರು ಇರಬೇಕಿತ್ತು. ಆ ಒಬ್ಬರು ಯಾವಾಗಲೂ ಆಯಿಯೇ. ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಉಡುತಡಿ ಬಿಟ್ಟು, ಕಲ್ಯಾಣ ದಾಟಿ ಶ್ರೀಶೈಲಕ್ಕೆ ಹೋದವಳು. ಅವಳ ಫೋಟೋ ನಮ್ಮ ದೇವರ ಜಗಲಿ ಮೇಲಿದೆ. ಆ ಫೋಟೋಗೆ ದಿನಾ ಹೂ ಏರಿಸಿದವಳಿಗೆ ಹದಿನೈದು ದಿನ ಬಿಡುವು ಸಿಗಲಿಲ್ಲ ಅಂದರೆ ಏನು ಹೇಳೋಣ?

“ಅಕಿ ಕೇಳಲೇ ಇಲ್ಲಲೋ” ಅನ್ನುತ್ತಾನೆ ಕಾಕಾ. ಕೇಳಿದ್ದಳು. ಒಲೆ ಮುಂದೆ ಕೂತು, ಚಿಗವ್ವನ, ಅಂದರೆ ನಮ್ಮ ಚಿಕ್ಕಮ್ಮನ ಹತ್ತಿರ. “ಭೀಮನ ಕೊಳ್ಳ ಇಳಿಯೂದು ಭಾಳ ಕಠಿಣ ಅಂತಲ್ಲ ಬೇ? ನನ್ನ ಕಾಲು ತಡೀತಾವೇನ?” ಭೀಮನ ಕೊಳ್ಳ ಅಂದರೆ ಶ್ರೀಶೈಲಕ್ಕೆ ನಡೆದು ಹೋಗುವ ದಾರಿಯಲ್ಲಿ ಬರುವ ಕಣಿವೆ. ಇದು ಕೇಳಿದ್ದಲ್ಲದೆ ಮತ್ತೇನು?

ಅಜ್ಜ ಹೋಗುವ ಹೊತ್ತಿಗೆ ಅವಳ ಮೊಣಕಾಲು ಕೈಕೊಟ್ಟಿದ್ದವು. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇವೆ ಅಂದೆವು. “ಬಸ್ಸಿನ್ಯಾಗ ಹೋಗಾಕ ಅದೇನ ಸಂತಿ ಏನ?” ಅಂದಳು. ಮುಗೀತು.

ಈ ಸಲ ಮನೆಯಲ್ಲಿ ಸ್ವಲ್ಪ ಬೇರೆ ನಡೆದಿದೆ. ಓಣಿಯ ಹೆಂಗಸರ ಜೊತೆ ಚಿಗವ್ವ ಕಂಬಿಯ ಹಿಂದೆ ಹೊರಟಳು. ಯಾರನ್ನೂ ಕೇಳಲಿಲ್ಲ, ಇಂಥ ದಿನ ಹೊರಡುತ್ತೇನೆ ಅಂತ ಹೇಳಿದಳು, ಅಷ್ಟೇ. ಹಾಗಾಗಿ ಈಗ ಕಟ್ಟೆ ಮೇಲೆ ಎಣ್ಣೆ ಬಟ್ಟಲು ಹಿಡಿದು ಕೂತಿರುವವನು ನನ್ನ ತಮ್ಮ. ಒಳಗೆ ರೊಟ್ಟಿ ಬಡಿಯುತ್ತಿರುವುದು ಕಾಕಾ. ಆಕಾರ ಮಾತ್ರ ಕೇಳಬೇಡಿ.

ನಿನ್ನೆ ರಾಯಚೂರು ದಾಟಿದೆವು ಅಂತ ಚಿಗವ್ವ ಫೋನ್ ಮಾಡಿದ್ದಳು. ಕಾಲಿನ ಸುದ್ದಿ ಎರಡು ಮಾತು. ಆಮೇಲೆ, “ಎಮ್ಮಿ ಹಾಲ ಕೊಡಾಕತ್ತೈತಿಲ್ಲೋ?” ಕಾಕಾನ ಕೈಗೆ ಎಮ್ಮೆ ಸೊರೆಯುತ್ತಲೇ ಇಲ್ಲ. ದಿನಾ ಅಂಗಡಿಯಿಂದ ಪಾಕೀಟು ತರುತ್ತಿದ್ದೇವೆ. ಬರೋಬ್ಬರಿ ಕೊಡುತ್ತಿದೆ ಅಂತ ಹೇಳಿದ್ದೇವೆ. ನಿಜ ಹೇಳಿದರೆ ಅಲ್ಲಿಂದಲೇ ತಿರುಗಿ ಬಂದುಬಿಡುತ್ತಾಳೆ. ಅವಳು ಶ್ರೀಶೈಲ ಮುಟ್ಟುವವರೆಗೆ ಈ ವಿಡಿಯೋ ಅವಳಿಗೆ ಕಳಿಸಬೇಡಿ.