ರಕ್ತದಲ್ಲಿ ಕೊಬ್ಬು, ಮನೆಯಲ್ಲಿ ತೊಟ್ಟಿಲು

(ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಮಕ್ಕಳಾಗದಿರುವ ವಿಷಯ ಅಂದರೆ ಗಂಡಸರು ಬಾಗಿಲ ಹತ್ತಿರವೇ ಜಾಗ ಹಿಡಿಯುತ್ತಾರೆ, ಗೊತ್ತು.

ನಮ್ಮ ಜಿಲ್ಲೆಯ ವಿದುರಾಶ್ವತ್ಥಕ್ಕೆ ನೀವೆಲ್ಲ ಹೋಗಿರುತ್ತೀರಿ. ಸಾಲು ಸಾಲು ನಾಗರಕಲ್ಲು. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ನಿಲ್ಲಿಸಿದ್ದು ಅದರಲ್ಲಿ ಎಷ್ಟೋ. ಹರಕೆಗೆ ಗಂಡ ಹೆಂಡತಿ ಜೊತೆಯಲ್ಲೇ ಹೋಗುತ್ತಾರೆ. ಆಸ್ಪತ್ರೆಗೆ ಮಾತ್ರ ಅವಳೊಬ್ಬಳೇ. ಕೈಯಲ್ಲಿ ಮೂರ್ನಾಲ್ಕು ಸ್ಕ್ಯಾನಿಂಗ್ ರಿಪೋರ್ಟು. ಯಜಮಾನರದು ಎಲ್ಲಮ್ಮಾ ಅಂದರೆ, "ಅವರಿಗೇನು ಡಾಕ್ಟ್ರೇ, ಚೆನ್ನಾಗಿದ್ದಾರೆ!" ಚೆನ್ನಾಗಿರೋದು ಅಂದರೆ ದಪ್ಪಗಿರೋದು ಅಂತ ಅರ್ಥ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಆ ಪಾಲಿನಲ್ಲಿ ಒಂದು ಚೂರನ್ನು ಮಾತ್ರ ಇವತ್ತು ಮಾತಾಡೋಣ: ರಕ್ತದಲ್ಲಿನ ಕೊಬ್ಬು.

ಕೊಲೆಸ್ಟ್ರಾಲ್ ಅಂದರೆ ವಿಷ ಅಂದುಕೊಳ್ಳಬೇಡಿ. ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ತಯಾರಾಗುವುದೇ ಅದರಿಂದ. ವೃಷಣದ ಒಳಗೆ ಲೇಡಿಗ್ ಕೋಶಗಳು ಆ ಕೆಲಸ ಮಾಡುತ್ತವೆ. "ಹಾಗಾದರೆ ಕೊಬ್ಬು ಜಾಸ್ತಿಯಾದಷ್ಟೂ ಒಳ್ಳೇದಲ್ವಾ?" ಅಂತ ಒಬ್ಬರು ಕೇಳಿದ್ದರು. ತೋಟಕ್ಕೆ ನೀರು ಬೇಕು, ನಿಜ. ಕೆರೆ ಏರಿ ಒಡೆದುಕೊಂಡು ಬಂದರೆ ತೋಟ ಉಳಿಯುತ್ತದಾ?

ವೀರ್ಯಾಣುವಿನ ಮೈಗೆ ಒಂದು ತೆಳು ಪೊರೆ ಇದೆ. ಅದರಲ್ಲಿರುವುದು ಬಹಳ ನಾಜೂಕಾದ ಕೊಬ್ಬು. ಹಳೇ ಕಡಲೆಕಾಯಿ ಎಣ್ಣೆ ಕಮಟು ಹಿಡಿಯುತ್ತದಲ್ಲ, ಹಾಗೆ ಇದೂ ಕೆಡುತ್ತದೆ. ಪೊರೆ ಕೆಟ್ಟರೆ ಬಾಲದ ಕಸುವು ಹೋಗುತ್ತದೆ, ಈಜು ನಿಧಾನವಾಗುತ್ತದೆ. ಇನ್ನೊಂದು ವಿಚಿತ್ರ ನೋಡಿ. ವೀರ್ಯಾಣು ಹೆಣ್ಣಿನ ದೇಹ ಸೇರಿದ ಮೇಲೆ ತನ್ನ ಪೊರೆಯಲ್ಲಿರುವ ಕೊಲೆಸ್ಟ್ರಾಲನ್ನು ಒಂದಷ್ಟು ಕಳಚಿಹಾಕಬೇಕು. ಆಗಲೇ ಅದಕ್ಕೆ ಅಂಡವನ್ನು ಸೇರುವ ಶಕ್ತಿ ಬರುವುದು.

ಅಮೆರಿಕದ ಮಿಷಿಗನ್ ಮತ್ತು ಟೆಕ್ಸಾಸ್‌ನಲ್ಲಿ ಮಗು ಬೇಕು ಅಂತ ಹೊರಟಿದ್ದ 501 ಜೋಡಿಗಳನ್ನು ಒಂದು ವರ್ಷದವರೆಗೆ ಗಮನಿಸಿದರು. ಫಲಿತಾಂಶ ಬಂದದ್ದು 2014ರಲ್ಲಿ. ಗಂಡ ಹೆಂಡತಿ ಇಬ್ಬರ ಕೊಲೆಸ್ಟ್ರಾಲೂ ಜಾಸ್ತಿ ಇದ್ದ ಕಡೆ ಬಸಿರು ನಿಲ್ಲುವುದು ಎಲ್ಲರಿಗಿಂತ ತಡವಾಯಿತು. ವೀರ್ಯಾಣುವಿನ ತಲೆ ಮೇಲೆ ಒಂದು ಟೋಪಿ ಇರುತ್ತದೆ, ಅಂಡದ ಗೋಡೆ ಕರಗಿಸುವ ರಸ ಇರುವುದು ಅದರಲ್ಲೇ. ಕೊಲೆಸ್ಟ್ರಾಲ್ ಹೆಚ್ಚಿದ್ದ ಗಂಡಸರಲ್ಲಿ ಆ ಟೋಪಿ ನೆಟ್ಟಗಿದ್ದ ವೀರ್ಯಾಣುಗಳು ಕಡಿಮೆ. ಹಾಗಂತ ಕೊಲೆಸ್ಟ್ರಾಲೇ ಕಾರಣ ಅಂತ ಸಾಬೀತಾಗಲಿಲ್ಲ. ಎರಡೂ ಒಟ್ಟಿಗೆ ಕಂಡವು, ಅಷ್ಟೇ. ಕೊಲೆಸ್ಟ್ರಾಲ್ ಜಾಸ್ತಿ ಇದ್ದೂ ನಾಲ್ಕು ಮಕ್ಕಳ ತಂದೆಯಾದವರು ಈ ಸಭೆಯಲ್ಲೇ ಇರಬಹುದು!

ಆದರೆ ಹೆಚ್ಚಿದ ಕೊಲೆಸ್ಟ್ರಾಲ್ ಒಂಟಿಯಾಗಿ ಬರುವುದು ಕಡಿಮೆ. ಹೊಟ್ಟೆ, ಶುಗರ್, ಬಿಪಿ ಜೊತೆಗಿರುತ್ತವೆ. ಹೊಟ್ಟೆಯ ಕೊಬ್ಬು ಟೆಸ್ಟೋಸ್ಟೆರಾನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ತೊಡೆಸಂದಿಯ ಕೊಬ್ಬು ಶಾಖ ಕೂಡಿಹಾಕುತ್ತದೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳುವಿಗೆ 24, 25 ಡಿಗ್ರಿ ಇರಲಿ ಅಂತ ನೀವು ಬೇಸಿಗೆಯಲ್ಲಿ ಗೋಣಿಚೀಲ ಒದ್ದೆ ಮಾಡಿ ಕಟ್ಟುತ್ತೀರಿ. ವೃಷಣಕ್ಕೂ ಮೈಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಅದಕ್ಕೇ ದೇವರು ಅದನ್ನು ಹೊರಗೆ ನೇತುಹಾಕಿದ್ದು. ಹುಳುಮನೆಗೆ ತೋರಿಸುವ ಕಾಳಜಿ ಅದಕ್ಕೂ ಇರಲಿ.

ಇನ್ನು ಯಾರೂ ಬಾಯಿಬಿಡದ ಮಾತು, ನಿಮಿರುವಿಕೆ. ಹೃದಯದ ರಕ್ತನಾಳದ ಅಗಲ 3, 4 ಮಿಲಿಮೀಟರ್. ಅಲ್ಲಿಯದು 1, 2 ಮಿಲಿಮೀಟರ್. ನಿಮ್ಮ ಹಿಪ್ಪುನೇರಳೆ ತೋಟದಲ್ಲಿ ಮೊದಲು ಕಟ್ಟಿಕೊಳ್ಳುವುದು ಮೇನ್ ಪೈಪಾ, ಡ್ರಿಪ್ಪರಾ? ಹಾಗೇ ಇಲ್ಲೂ, ಕೊಬ್ಬು ಕಟ್ಟಿಕೊಂಡರೆ ಸಣ್ಣ ನಾಳಕ್ಕೇ ಮೊದಲು ತೊಂದರೆ. ಕೆಲವರಿಗೆ ಹೃದಯದ ತೊಂದರೆಯ ಮೊದಲ ಸುಳಿವು ಹಾಸಿಗೆಯಲ್ಲೇ ಸಿಗುತ್ತದೆ. ಅದಕ್ಕೆ ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ಜಾಹೀರಾತಿನ ಲೇಹ್ಯ ತಿಂದು ಕೂರಬೇಡಿ.

ಪರೀಕ್ಷೆ ಸುಲಭ. ರಾತ್ರಿ ಊಟದ ನಂತರ 10, 12 ಗಂಟೆ ಏನೂ ತಿನ್ನದೆ ರಕ್ತ ಕೊಡಿ. ಒಟ್ಟು ಕೊಲೆಸ್ಟ್ರಾಲ್ 200ರ ಒಳಗೆ, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150ರ ಒಳಗೆ, ಒಳ್ಳೆಯದು ಅನ್ನೋ ಎಚ್‌ಡಿಎಲ್ 40ಕ್ಕಿಂತ ಮೇಲೆ ಇರಬೇಕು. ನಮ್ಮವರಲ್ಲಿ ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿಯುವುದೇ ಜಾಸ್ತಿ. ವೀರ್ಯ ಪರೀಕ್ಷೆಯನ್ನು 2ರಿಂದ 7 ದಿನ ವೀರ್ಯ ಹೊರಹೋಗದಂತೆ ಇದ್ದು ಮಾಡಿಸಬೇಕು. ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಗೆರೆ. ಒಂದು ಸಲ ಕಡಿಮೆ ಬಂತು ಅಂತ ಎದೆ ಒಡೆದುಕೊಳ್ಳಬೇಡಿ, ಇನ್ನೊಮ್ಮೆ ಮಾಡಿಸಿ.

ರೇಷ್ಮೆ ಬೆಳೆ ತಿಂಗಳೊಳಗೆ ಕೈಗೆ ಬರುತ್ತದೆ. ಇದು ರಾಗಿ ಬೆಳೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಮಾಗಲು ಮತ್ತೆರಡು ವಾರ. ಇವತ್ತು ಕುಡಿತ ಬಿಟ್ಟರೆ ಮೂರು ತಿಂಗಳಾದ ಮೇಲೆ ನೋಡಬೇಕು. ಮುದ್ದೆ, ಸೊಪ್ಪಿನ ಸಾರು, ಅವರೆಕಾಳು ಯಾವ ತಪ್ಪೂ ಮಾಡಿಲ್ಲ. ತಪ್ಪು ಸಂಜೆಯ ಬೋಂಡಾದ್ದು, ಎರಡು ಹೊತ್ತಿನ ಸಿಹಿ ಟೀದು, ಭಾನುವಾರದ ಬಾಟಲಿಯದು. ಜಿಮ್ಮಿನ ಹುಡುಗರಿಗೆ ಒಂದು ಮಾತು: ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೋಳು ಉಬ್ಬಿಸುತ್ತದೆ, ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿರುವವರು ಈ ಭಾಷಣ ಕೇಳಿ ಸುಮ್ನೆ ನಿಲ್ಲಿಸಬೇಡಿ, ಮೊದಲು ವೈದ್ಯರನ್ನು ಕೇಳಿ.

ಈಗ ಪ್ರಶ್ನೆ ಕೇಳಿ. ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ. ಚೀಟಿಯನ್ನು ಮಾತ್ರ ಹೆಂಡತಿ ಕೈಯಲ್ಲಿ ಕೊಟ್ಟು ಕಳಿಸಬೇಡಿ.