ಸೀಸೆಯ ತೂಕಕ್ಕೆ ಬೆಲೆ ಕೊಡಬೇಕೆ?

ಕೇಳುಗರೇ, ದುಬಾರಿ ಸುಗಂಧದ ಸೀಸೆಯ ಮೇಲೆ ಪ್ಯಾರಿಸ್ ಎಂದು ಅಚ್ಚಾಗಿರುತ್ತದೆ. ಅದರ ಗಾಜು ಮಾತ್ರ ಬಹುತೇಕ ಬ್ರೆಲ್ ಕಣಿವೆಯದು. ಫ್ರಾನ್ಸಿನ ನಾರ್ಮಂಡಿ ಮತ್ತು ಪಿಕಾರ್ಡಿ ಪ್ರಾಂತ್ಯಗಳ ಗಡಿಯಲ್ಲಿ ಹರಿದು ಇಂಗ್ಲಿಷ್ ಕಡಲ್ಗಾಲುವೆಯನ್ನು ಸೇರುವ ಬ್ರೆಲ್ ಸಣ್ಣ ನದಿ. ಆದರೂ ಜಗತ್ತಿನ ಐಷಾರಾಮಿ ಸುಗಂಧ ಸೀಸೆಗಳಲ್ಲಿ ಸುಮಾರು ಮುಕ್ಕಾಲು ಪಾಲು ತಮ್ಮವೆಂದು ಅಲ್ಲಿನ ಉದ್ಯಮದವರು ಹೇಳಿಕೊಳ್ಳುತ್ತಾರೆ. ಕರಾವಳಿಯ ಮರಳು, ಕುಲುಮೆಗೆ ಕಾಡಿನ ಬೀಚ್ ಮರದ ಸೌದೆ, ಮರಳನ್ನು ಬೇಗ ಕರಗಿಸಲು ಜರೀಗಿಡದ ಬೂದಿ, ಇವೆಲ್ಲ ಒಂದೇ ಕಡೆ ಸಿಗುತ್ತಿದ್ದುದರಿಂದ ಗಾಜಿನವರು ಅಲ್ಲಿ ನೆಲೆಯೂರಿದರು. ಅಲ್ಲಿ ಸೀಸೆ ತಯಾರಿಸುವ ಪೋಶೆ ದು ಕೂರ್ವಾಲ್ ಸಂಸ್ಥೆಯ ಇತಿಹಾಸ 1623ರಷ್ಟು ಹಿಂದಕ್ಕೆ ಹೋಗುತ್ತದೆ.

ಆ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಗಾಜಿನ ಮುದ್ದೆಯನ್ನು ಒಂದು ಅಚ್ಚಿನಲ್ಲಿ ಅರೆ ಆಕಾರಕ್ಕೆ ತಂದು, ಮತ್ತೊಂದು ಅಚ್ಚಿನಲ್ಲಿ ಗಾಳಿ ಊದಿ ಪೂರ್ಣ ರೂಪ ಕೊಟ್ಟು, ಬಿರುಕು ಬಿಡದಂತೆ ನಿಧಾನವಾಗಿ ತಣಿಸಿದ ಮೇಲೂ, ಒಂದು ಗುಳ್ಳೆಯೋ ಒಂದು ಸಣ್ಣ ಗೆರೆಯೋ ಕಂಡರೆ ಆ ಸೀಸೆ ಮತ್ತೆ ಕುಲುಮೆಗೇ ಹೋಗುತ್ತದೆ. ಯಂತ್ರಗಳು ಎಷ್ಟೇ ಬಂದರೂ ನುರಿತ ಕಣ್ಣಿನ ಕೆಲಸ ಅಲ್ಲಿ ಮುಗಿದಿಲ್ಲ.

ನನ್ನ ತಕರಾರು ಸೀಸೆಯ ತಳದ ಬಗ್ಗೆ. ಕೈಗೆ ಭಾರವೆನಿಸಿದ್ದೇ ಶ್ರೀಮಂತಿಕೆ ಎಂಬ ನಂಬಿಕೆಗೆ ಬಿದ್ದ ಸುಗಂಧ ಕಂಪನಿಗಳು ಬೆರಳು ದಪ್ಪದ ಗಾಜಿನ ತಳವನ್ನು ಕೇಳುತ್ತವೆ, ಕಣಿವೆಯವರು ಮಾಡಿಕೊಡುತ್ತಾರೆ. ಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವಂತಿಲ್ಲ. ಅದು ವರ್ಷಗಟ್ಟಲೆ ಬಿಡದೆ ಉರಿಯಬೇಕು. 2022ರಲ್ಲಿ ಯುರೋಪಿನ ಅನಿಲದ ಬೆಲೆ ಏರಿದಾಗ ಗಾಜಿನ ಕಾರ್ಖಾನೆಗಳು ತತ್ತರಿಸಿದ್ದು ಇದೇ ಕಾರಣಕ್ಕೆ. ಇಷ್ಟು ಇಂಧನ ತಿಂದ ವಸ್ತು, ಒಳಗಿನ ನೂರು ಮಿಲಿಲೀಟರ್ ಮುಗಿದ ದಿನವೇ ಕಸದ ಬುಟ್ಟಿಗೆ ಬೀಳುತ್ತದೆ. ಇದನ್ನು ವೈಭವ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಬೇರೆ ದಾರಿಯನ್ನು ಅದೇ ಪೋಶೆಯವರ ಹಳೆಯ ಕೆಲಸವೇ ತೋರಿಸುತ್ತದೆ. 1853ರಲ್ಲಿ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿಗಾಗಿ ಗೆರ್ಲಾನ್ ಎಂಬ ಸುಗಂಧ ಸಂಸ್ಥೆ ಮಾಡಿಸಿದ, ಮೈತುಂಬ ಜೇನುನೊಣಗಳ ಉಬ್ಬುಚಿತ್ರವಿರುವ ಸೀಸೆ ಇಂದಿಗೂ ತಯಾರಾಗುತ್ತಿದೆ. ಗೆರ್ಲಾನ್‌ನ ಕೆಲವು ಮಳಿಗೆಗಳಲ್ಲಿ ಅದನ್ನು ಮತ್ತೆ ತುಂಬಿಸಿಕೊಳ್ಳಲೂಬಹುದು. ತೆಳುವಾದ, ಎಲ್ಲ ಮೂಲೆಗಳಲ್ಲೂ ಸಮನಾಗಿ ಹರಡಿದ, ಹತ್ತಾರು ಬಾರಿ ತುಂಬಿದರೂ ಬಾಳುವ ಗಾಜನ್ನು ಊದುವುದಕ್ಕೆ ದಪ್ಪ ತಳಕ್ಕಿಂತ ಹೆಚ್ಚಿನ ಕುಶಲತೆ ಬೇಕು. ಆ ಕುಶಲತೆ ಕಣಿವೆಯಲ್ಲಿದೆ. ಅದನ್ನು ಕೇಳಿ ಪಡೆಯುವ ಧೈರ್ಯ ತೋರಬೇಕಾದವರು ಪ್ಯಾರಿಸ್ಸಿನ ಕಂಪನಿಗಳು ಮತ್ತು ಅಂಗಡಿಯಲ್ಲಿ ಸೀಸೆಯನ್ನು ಕೈಯಲ್ಲಿ ತೂಗಿ ನೋಡುವ ನಾವು.